ಫೊರೆನ್ಸಿಕ್ ವಾರ್ಡ್ ಸ್ಟಾಫ್‌ಗೆ ರಿಕವರಿ ಕೆಲಸದಲ್ಲಿ ಧೈರ್ಯ ಬರೋ ಹಾಗೆ ಮಾಡೋದು ಹೇಗೆ?

ಕೋರ್ಟ್ ಆರ್ಡರ್ ಮೇಲೆ ಬಂದಿರೋ ಮಾನಸಿಕ ಕಾಯಿಲೆಯ ಪೇಷಂಟ್‌ಗಳು, ಬೀಗ, ತಲೆ ಎಣಿಕೆ, ಇಂಥ ಜಾಗದಲ್ಲಿ ರಿಕವರಿ (ಕಾಯಿಲೆ ಇದ್ರೂ ತನ್ನದೇ ಒಂದು ಬದುಕು ಕಟ್ಕೊಳ್ಳೋದು) ಅಂದ ತಕ್ಷಣ ಸ್ಟಾಫ್ ಕೇಳೋದೇ "ಹಾಗಾದ್ರೆ ಅವರಿಷ್ಟಕ್ಕೆ ಬಿಟ್ಬಿಡೋದಾ?" ಅಂತ. ಈ ಡೌಟನ್ನ ತಳ್ಳಿಹಾಕ್ಬೇಡಿ, ಟ್ರೈನಿಂಗ್ ಇಲ್ಲಿಂದಲೇ ಶುರು ಮಾಡಿ.

ತಿಳುವಳಿಕೆ ಭಾಗಕ್ಕೆ ಜಾಸ್ತಿ ಟೈಮ್ ಬೇಡ. 2011ರಲ್ಲಿ ಬಂದ ಚೈಮ್ ಅನ್ನೋ ಚೌಕಟ್ಟು ಸಾಕು: ಒಡನಾಟ, ಭರವಸೆ, ನಾನು ಯಾರು ಅನ್ನೋದು, ಬದುಕಿಗೊಂದು ಅರ್ಥ, ತನ್ನ ವಿಷಯದಲ್ಲಿ ತನ್ನ ಮಾತೂ ನಡೆಯೋದು. ಫೊರೆನ್ಸಿಕ್‌ನಲ್ಲಿ ಇದಕ್ಕೆ ಇನ್ನೊಂದು ಸೇರುತ್ತೆ, ಮಾಡಿದ ಅಪರಾಧವನ್ನ ಒಪ್ಕೊಂಡು ಮುಂದೆ ಬದುಕೋದು, ಸ್ಟಾಫ್ ತಡವರಿಸೋದು ಇಲ್ಲೇ.

ತಿಳ್ಕೊಂಡಿರೋದು ಬೇರೆ, ಧೈರ್ಯ ಬೇರೆ, ಹಾಗಾಗಿ ಎರಡನ್ನೂ ಬೇರೆಬೇರೆ ಅಳೀರಿ. ತಿಳುವಳಿಕೆಗೆ ರಿಕವರಿ ನಾಲೆಜ್ ಇನ್ವೆಂಟರಿ ಅಂತ 20 ಪ್ರಶ್ನೆಗಳ ಫಾರ್ಮ್ ಇದೆ. ಧೈರ್ಯಕ್ಕೆ ಹೀಗೆ ಕೇಳಿ: ನೈಟ್ ಡ್ಯೂಟಿಯಲ್ಲಿ ಒಬ್ರು ಬಂದು "ನಾನು ಮಾಡಿದ್ದೇ ಕನಸಲ್ಲಿ ಬರ್ತಿದೆ ಸಿಸ್ಟರ್" ಅಂದ್ರೆ ಮಾತಾಡೋಕೆ ನಿಮಗೆ 10ಕ್ಕೆ ಎಷ್ಟು ಧೈರ್ಯ ಇದೆ? ಫಾರ್ಮಲ್ಲಿ ಎಲ್ಲಾ ಸರಿ ಬರೆದವರೇ ಇಲ್ಲಿ 3 ಹಾಕಿದ್ರೆ ಆಶ್ಚರ್ಯ ಪಡ್ಬೇಡಿ.

ಈ ನೈಟ್ ಡ್ಯೂಟಿ ಸನ್ನಿವೇಶವನ್ನೇ, ಶಿಫ್ಟ್ ಬದಲಾಗೋವಾಗಿನ ಹ್ಯಾಂಡೋವರ್ ಆದ್ಮೇಲೆ, ಹತ್ತು ನಿಮಿಷ ಜೋಡಿಜೋಡಿಯಾಗಿ ಆಡಿಸಿ, ದೊಡ್ಡ ವರ್ಕ್‌ಶಾಪ್‌ಗಿಂತ ಇದೇ ಕೆಲಸಕ್ಕೆ ಬರೋದು ಅನ್ನೋದು ನನ್ನ ಅಭಿಪ್ರಾಯ. ಬಾಯಿಗೆ ಮೊದಲು ಬರೋದು "ಅದೆಲ್ಲಾ ಈಗ್ಯಾಕೆ, ಮಲ್ಕೊಳ್ಳಿ" ಅಂತ. ಬದಲಿಗೆ "ಕೂತ್ಕೊಳ್ಳಿ, ಕೇಳ್ತೀನಿ, ಆದ್ರೆ ಯಾರಿಗಾದ್ರೂ ಅಪಾಯ ಆಗೋ ವಿಷಯ ಇದ್ರೆ ಟೀಮ್‌ಗೆ ಹೇಳ್ಲೇಬೇಕಾಗುತ್ತೆ" ಅನ್ನೋದನ್ನ ಅಭ್ಯಾಸ ಮಾಡಿಸಿ. ಆ ಕೊನೇ ಮಾತು ಮೊದಲೇ ಹೇಳಿದ್ರೆ ಆಮೇಲೆ ನಂಬಿಕೆದ್ರೋಹ ಅನ್ಸಲ್ಲ.

ರಿಸ್ಕ್ ಪ್ಲಾನನ್ನ ಪೇಷಂಟ್ ಜೊತೆ ಕೂತೇ ಮಾಡಿ. ಎಚ್‌ಸಿಆರ್-20 ಅನ್ನೋ, ಹಿಂಸೆಯ ಅಪಾಯ ಅಂದಾಜು ಮಾಡೋ ಫಾರ್ಮಲ್ಲಿ 10 ಅಂಶ ಹಳೇ ಚರಿತ್ರೆ, ಅದನ್ನ ಅಳಿಸೋಕಾಗಲ್ಲ, 5 ಈಗಿನ ಸ್ಥಿತಿ, 5 ಮುಂದಿನದು, ಅಂದ್ರೆ ಕೆಲಸ ಇರೋದು ಈ ಕೊನೇ ಹತ್ತರಲ್ಲಿ. ಸ್ಕೋರಿಂಗ್ ಅದರ ಟ್ರೈನಿಂಗ್ ಆದವರೇ ಮಾಡ್ಲಿ, ಆದ್ರೆ "ಸಿಟ್ಟು ಬರೋಕೆ ಮುಂಚೆ ನಿಮಗೇನಾಗುತ್ತೆ?" ಅಂತ ಯಾರು ಬೇಕಾದ್ರೂ ಕೇಳ್ಬಹುದು. "ಎರಡು ದಿನ ನಿದ್ದೆ ಬರಲ್ಲ, ಟಿವಿ ಸೌಂಡ್ ತಡ್ಕೊಳ್ಳಕ್ಕಾಗಲ್ಲ" ಅಂದ್ರೆ ಅವರ ಮಾತಲ್ಲೇ ಬರೀರಿ. ನೈಟ್ ನರ್ಸ್‌ಗೆ ಗುರುತು ಸಿಗೋದು ಇದರಿಂದ, "ಹೈ ರಿಸ್ಕ್" ಅನ್ನೋ ಎರಡು ಪದದಿಂದ ಅಲ್ಲ. ಹಾಗೇ ನೋಟ್ಸಲ್ಲಿ "ಮ್ಯಾನಿಪ್ಯುಲೇಟಿವ್" ಅಂತ ಬರೆಯೋ ಬದಲು ನಡೆದದ್ದು ಬರೀರಿ.

ಅಟೆಂಡರ್, ಸೆಕ್ಯುರಿಟಿಯವರನ್ನೂ ಇದಕ್ಕೆ ಸೇರಿಸ್ಕೊಳ್ಳಿ, ಪೇಷಂಟ್ ಜೊತೆ ದಿನವಿಡೀ ಇರೋರು ಅವರೇ ತಾನೇ.

ವಾರ್ಡಲ್ಲಿ ಗಲಾಟೆ ಆದ್ರೆ ಮಾರನೇ ದಿನ "ಯಾರ ತಪ್ಪು" ಅಂತ ಮೀಟಿಂಗ್ ಕರೀಬೇಡಿ, ಕಲಿಸಿದ ಧೈರ್ಯವೆಲ್ಲಾ ಅಲ್ಲೇ ಹೋಗುತ್ತೆ. ಮೊದಲು ಸ್ಟಾಫ್‌ಗೆ ಏಟಾಗಿದ್ಯಾ, ಹೆದರಿಕೆ ಆಯ್ತಾ ಕೇಳಿ, ಆಮೇಲೆ ಏನಾಯ್ತು ಅಂತ ಮಾತಾಡಿ.

ಮೂರು ತಿಂಗಳಾದ್ಮೇಲೆ ಅದೇ ನೈಟ್ ಡ್ಯೂಟಿ ಪ್ರಶ್ನೆ ಮತ್ತೆ ಕೇಳಿ. ಪೇಷಂಟ್‌ಗಳನ್ನೂ ಕೇಳಿ, ರಾತ್ರಿ ಕಷ್ಟ ಆದ್ರೆ ಯಾರ ಹತ್ರ ಹೋಗ್ತೀರಾ ಅಂತ.