ಡಯಾಲಿಸಿಸ್‌ನಲ್ಲಿರುವವರು ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡುವ ಬಗೆ

ಮೂತ್ರಪಿಂಡ ಸೋತು ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗುವವರಿಗೆ ತಮ್ಮ ಕಾಯಿಲೆಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಆದರೆ ಪಾರ್ಶ್ವವಾಯು ಬಡಿದೋ, ಸೋಂಕು ರಕ್ತಕ್ಕೇರಿಯೋ ಮಾತಾಡಲಾಗದ ಸ್ಥಿತಿ ಬಂದರೆ ಮುಂದೇನು ಎಂಬ ಪ್ರಶ್ನೆಯನ್ನು ಎತ್ತಿದರೆ ಮನೆಯವರು ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತಾರೆ. ಕೊನೆಗೆ ಆ ತೀರ್ಮಾನ ಐಸಿಯು ಬಾಗಿಲಲ್ಲಿ ನಿಂತ ಮಕ್ಕಳ ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಅಂಥ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚೆಯೇ ಬರೆದಿಡುವ ಪತ್ರವನ್ನು, ಅಂದರೆ ಮುಂಗಡ ವೈದ್ಯಕೀಯ ನಿರ್ದೇಶನವನ್ನು, ಆರೋಗ್ಯ ತಕ್ಕಮಟ್ಟಿಗೆ ಸ್ಥಿರವಾಗಿರುವಾಗಲೇ ಬರೆದು ಮುಗಿಸುವುದು ಒಳ್ಳೆಯದು.

ಸುಪ್ರೀಂ ಕೋರ್ಟ್ ‘ಕಾಮನ್ ಕಾಸ್’ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ 2018ರ ಮಾರ್ಚ್ 9ರಂದು ಇಂಥ ನಿರ್ದೇಶನಕ್ಕೆ ಮಾನ್ಯತೆ ನೀಡಿತು; ಆಗ ವಿಧಿಸಿದ್ದ ಕ್ರಮ ತೀರಾ ತೊಡಕಾಗಿದ್ದುದರಿಂದ 2023ರ ಜನವರಿಯಲ್ಲಿ ಅದನ್ನು ಸಡಿಲಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವುದಕ್ಕೆ ಇದರಲ್ಲಿ ಅವಕಾಶವಿಲ್ಲ. ಫಲವಿಲ್ಲದ ಚಿಕಿತ್ಸೆಯನ್ನು ಆರಂಭಿಸದಿರುವುದಕ್ಕೆ ಅಥವಾ ನಿಲ್ಲಿಸುವುದಕ್ಕೆ ಮಾತ್ರ ಅವಕಾಶವಿದೆ.

ಮೊದಲು ನಿಮ್ಮ ಮೂತ್ರಪಿಂಡ ತಜ್ಞರ (ನೆಫ್ರಾಲಜಿಸ್ಟ್) ಬಳಿ ಸಮಯ ಕೇಳಿ ಕುಳಿತು ಮಾತಾಡಿ. ಹೃದಯ ನಿಂತಾಗ ಎದೆ ಒತ್ತಿ ಬದುಕಿಸಿದರೆ ನನ್ನಂಥವರು ಯಾವ ಸ್ಥಿತಿಗೆ ಮರಳುತ್ತಾರೆ, ಡಯಾಲಿಸಿಸ್ ನಿಲ್ಲಿಸಿದರೆ ಏನಾಗುತ್ತದೆ ಎಂದು ನೇರವಾಗಿ ಕೇಳಿ. ಮೂತ್ರ ಪೂರ್ತಿ ನಿಂತುಹೋದವರು ಡಯಾಲಿಸಿಸ್ ಬಿಟ್ಟರೆ ಸಾಮಾನ್ಯವಾಗಿ ಒಂದೆರಡು ವಾರ ಬದುಕುತ್ತಾರೆ. ಆ ದಿನಗಳ ಉಸಿರುಕಟ್ಟು, ತುರಿಕೆ, ವಾಕರಿಕೆಗಳನ್ನು ಉಪಶಾಮಕ ಆರೈಕೆಯಿಂದ (ಸಂಕಟ ಕಡಿಮೆ ಮಾಡುವ ‘ಪ್ಯಾಲಿಯೇಟಿವ್’ ಆರೈಕೆ) ಬಹುಮಟ್ಟಿಗೆ ತಗ್ಗಿಸಬಹುದು. ಇದನ್ನು ತಿಳಿಯದೆ ಬರೆದ ನಿರ್ದೇಶನ ಹೆದರಿಕೆಯಿಂದ ಬರೆದದ್ದಾಗುತ್ತದೆ.

ಮುಂದೆ, ನಿಮ್ಮ ಪರವಾಗಿ ನಿರ್ಧರಿಸುವವರನ್ನು ಆರಿಸಿ. ರಾಜ್ಯದ ಸುತ್ತೋಲೆಯಂತೆ ಕನಿಷ್ಠ ಇಬ್ಬರನ್ನು ಹೆಸರಿಸಬೇಕು. ಹಿರಿಯ ಮಗನೆಂಬ ಒಂದೇ ಕಾರಣಕ್ಕೆ ಯಾರನ್ನೂ ಹೆಸರಿಸಬೇಡಿ. ‘ಅಪ್ಪನನ್ನು ಹಾಗೇ ಬಿಟ್ಟುಬಿಟ್ಟೆಯಾ’ ಎಂದು ನೆಂಟರಿಷ್ಟರು ಕೇಳಿದಾಗ ಕದಲದೆ ಉತ್ತರಿಸಬಲ್ಲ ಮಗಳೋ ತಮ್ಮನೋ ಇದ್ದರೆ, ಆ ಹೊಣೆ ಅವರದೇ. ಇಡೀ ವಿಧಾನದಲ್ಲಿ ಹೆಚ್ಚು ಯೋಚಿಸಬೇಕಾದ ಆಯ್ಕೆ ಇದೆಂದು ನನ್ನ ಅಭಿಪ್ರಾಯ.

ಬರೆಯುವಾಗ ‘ಅನಗತ್ಯ ಚಿಕಿತ್ಸೆ ಬೇಡ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ, ಏಕೆಂದರೆ ಅಸ್ಪಷ್ಟ ನಿರ್ದೇಶನವನ್ನು ಅದನ್ನು ಪರಿಶೀಲಿಸುವ ವೈದ್ಯರ ಮಂಡಳಿ ಜಾರಿಗೊಳಿಸುವುದಿಲ್ಲ. ಸ್ಥಿತಿ ಯಾವುದು, ಬೇಡವಾದದ್ದೇನು, ಬೇಕಾದದ್ದೇನು ಎಂಬ ಮೂರೂ ಇರಲಿ: ‘ಮನೆಯವರನ್ನು ಗುರುತಿಸುವ ಶಕ್ತಿ ನನಗೆ ಮರಳುವ ಭರವಸೆ ಇಲ್ಲವೆಂದು ವೈದ್ಯರು ಖಚಿತಪಡಿಸಿದರೆ, ನನಗೆ ವೆಂಟಿಲೇಟರ್ ಹಾಕಬಾರದು, ಹಾಕಿದ್ದರೆ ತೆಗೆಯಬೇಕು, ಡಯಾಲಿಸಿಸ್ ನಿಲ್ಲಿಸಬೇಕು, ನೋವು ಮತ್ತು ಉಸಿರುಕಟ್ಟಿಗೆ ಔಷಧ ಕೊಡುತ್ತಿರಬೇಕು, ಸಾಧ್ಯವಾದರೆ ನನ್ನನ್ನು ಮನೆಗೆ ಕರೆತರಬೇಕು.’ ಇದನ್ನು ಆಸ್ತಿಯ ಉಯಿಲಿನೊಳಗೆ ಸೇರಿಸಬೇಡಿ. ಉಯಿಲನ್ನು ತೆರೆದು ನೋಡುವುದು ನೀವು ಹೋದ ಮೇಲೆ.

ಹದಿನೆಂಟು ತುಂಬಿದ, ಸ್ವಸ್ಥ ಮನಸ್ಸಿನ ಯಾರು ಬೇಕಾದರೂ, ಯಾರ ಒತ್ತಾಯವೂ ಇಲ್ಲದೆ, ಇದನ್ನು ಬರೆಯಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ಈಗ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕಿಲ್ಲ. ಸಾಕ್ಷಿಗಳು ಮನೆಯವರಲ್ಲದವರಾದರೆ ಉತ್ತಮ. ಪ್ರತಿಗಳನ್ನು ನಿಮ್ಮ ಪರವಾಗಿ ನಿರ್ಧರಿಸಲು ನೀವು ಹೆಸರಿಸಿದವರಿಗೆ, ಕುಟುಂಬ ವೈದ್ಯರಿಗೆ ಮತ್ತು ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿಗೆ ಕೊಡಬೇಕು. ಡಯಾಲಿಸಿಸ್ ಘಟಕದ ನಿಮ್ಮ ಫೈಲಿನಲ್ಲೂ ಒಂದಿರಲಿ.

ಕಾಗದ ತೋರಿಸಿದ ಕೂಡಲೇ ವೆಂಟಿಲೇಟರ್ ತೆಗೆಯುತ್ತಾರೆಂದು ಮನೆಯವರು ತಿಳಿಯಬಾರದು. ಚಿಕಿತ್ಸೆ ನೀಡುವ ವೈದ್ಯರು ಹಾಗೂ ಕನಿಷ್ಠ ಐದು ವರ್ಷ ಅನುಭವವುಳ್ಳ ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿ ಮೊದಲು ಪರಿಶೀಲಿಸುತ್ತದೆ, ಬಳಿಕ ಬೇರೆ ವೈದ್ಯರ ಎರಡನೆಯ ಮಂಡಳಿ; ತಲಾ 48 ಗಂಟೆಯೊಳಗೆ ಅಭಿಪ್ರಾಯ ತಿಳಿಸುವುದು ಅಪೇಕ್ಷಿತ. ಜಾರಿಗೆ ಮುನ್ನ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಕೊಡುತ್ತದೆ. ನಿರ್ದೇಶನವೇ ಇಲ್ಲದಿದ್ದರೂ ಕುಟುಂಬದ ಒಪ್ಪಿಗೆಯೊಂದಿಗೆ ಇದೇ ದಾರಿಯಲ್ಲಿ ಸಾಗಬಹುದು, ಆದರೆ ಆಗ ನಿಮ್ಮ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವ ಭಾರ ಅವರದು.

ಮೂತ್ರಪಿಂಡ ಕಸಿಯ ಅವಕಾಶ ಬಂದಾಗ, ಸಂಗಾತಿ ತೀರಿಕೊಂಡಾಗ ಅಥವಾ ಮನಸ್ಸು ಬದಲಾದಾಗ ಇದನ್ನು ತಿದ್ದಬಹುದು, ರದ್ದುಪಡಿಸಲೂಬಹುದು. ಅದಕ್ಕೂ ಸಾಕ್ಷಿ, ದೃಢೀಕರಣ ಬೇಕು. ರದ್ದಾಗದ ಎರಡು ನಿರ್ದೇಶನಗಳಿದ್ದರೆ ಕೊನೆಯದೇ ಲೆಕ್ಕಕ್ಕೆ ಬರುತ್ತದೆಯಾದರೂ, ಹೊಸದನ್ನು ಹಂಚುವಾಗಲೇ ಹಳೆಯ ಪ್ರತಿಗಳನ್ನು ವಾಪಸ್ ಪಡೆಯಿರಿ.