ಕೋಟು ತೊಟ್ಟು ಬಸ್ಕಿ ಹೊಡೆಯದೆ ದುಡ್ಡು ಕೊಡಬೇಡಿ

ನನ್ನ ತಂಗಿಯ ಮಗಳು ಬರುವ ಜನವರಿಗೆ ಟೊರೊಂಟೊಗೆ ಓದಲು ಹೊರಟಿದ್ದಾಳೆ. ಮೊನ್ನೆ ಹುಬ್ಬಳ್ಳಿಯಲ್ಲಿ ಕೋಟು ಕೊಂಡವಳೇ ನನಗೆ ತೋರಿಸಲು ನೇರ ಧಾರವಾಡಕ್ಕೆ ಬಂದಳು. ಸೊಂಟಕ್ಕೇ ಮುಗಿದ ಕೋಟು, ನಡುವನ್ನು ಹಿಂಡುವ ಪಟ್ಟಿ, ಕೊರಳ ಸುತ್ತ ಬೆಕ್ಕಿನ ಬಾಲದಂಥ ತುಪ್ಪಳ. “ಹೇಗಿದೆ ದೊಡ್ಡವ್ವ?” ಎಂದು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು. ಫೋಟೊ ತೆಗೆಸಿಕೊಳ್ಳಲು ಚೆನ್ನಾಗಿದೆ ಎಂದೆ. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರೆ ಒಳಗಿದ್ದದ್ದು ಕಿವಿಗೆ ಇಟ್ಟುಕೊಳ್ಳುವಷ್ಟು ಹತ್ತಿ. ನಮ್ಮ ಊರಿನ ಡಿಸೆಂಬರ್ ನಸುಕಿಗೆ, 13-14 ಡಿಗ್ರಿಗೆ, ಅದು ಧಾರಾಳವಾಗಿ ಸಾಕು. ಹಿಮ ಬೀಳುವ ಊರಿನಲ್ಲಿ ಅದನ್ನು ತೊಟ್ಟು ಬಸ್ಸಿಗೆ ಕಾಯಲಿ, ಗೊತ್ತಾಗುತ್ತದೆ. ನಾನು ಕಂಡಂತೆ ಹೀಗೆ ಮಾಡಿದವರಲ್ಲಿ ಇವಳು ಮೂರನೆಯವಳು. ಮೂವರದೂ ಒಂದೇ ತಪ್ಪು: ಬ್ಲೌಸ್ ಹೊಲಿಸಿದಂತೆ ಮೈಯಳತೆಗೆ ಕೋಟು ಕೊಳ್ಳುವುದು.

ಈ ಮುದುಕಿಗೆ ಹಿಮದ ಸುದ್ದಿ ಏನು ಗೊತ್ತು ಎನ್ನಬೇಡಿ. ಮಗಳ ಬಾಣಂತನಕ್ಕೆಂದು ಅಮೆರಿಕದ ಮಿನಿಯಾಪೊಲಿಸ್‌ಗೆ ಹೋಗಿ ಜನವರಿ, ಫೆಬ್ರವರಿ ಎರಡನ್ನೂ ಅಲ್ಲಿಯೇ ಕಳೆದವಳು ನಾನು. ಅಲ್ಲಿ ರಾತ್ರಿ ಮೈನಸ್ 20ಕ್ಕೆ ಇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಮೊದಲ ದಿನ ಮಗಳ ಗಿಡ್ಡ ಜಾಕೆಟ್ಟನ್ನು ಸೀರೆಯ ಮೇಲೆ ಏರಿಸಿಕೊಂಡು ಆಸ್ಪತ್ರೆಗೆ ಹೊರಟೆ. ನಿರಿಗೆಯ ಅಂಚು ಹಿಮದಲ್ಲಿ ತೊಯ್ದಿತು. ಮರಳಿ ಬರುವಾಗ ಕಾರಿನವರೆಗೆ ನಡೆಯುವಷ್ಟರಲ್ಲಿ ಅದು ಹಪ್ಪಳದಂತೆ ಸೆಟೆದು ಪಾದಕ್ಕೆ ಬಡಿಯತೊಡಗಿತು. ಮೇಲೆ ಬೆಚ್ಚಗಿದ್ದೇನೆ, ತೊಡೆಯಿಂದ ಕೆಳಗೆ ಕಾಲು ಇದೆಯೋ ಇಲ್ಲವೋ ತಿಳಿಯದು. ಮರುದಿನವೇ ಮೊಣಕಾಲಿನ ಕೆಳಗೆ ಇಳಿಯುವ ಕೋಟು ಬಂತು.

ಕೋಟು ತಾನಾಗಿ ಶಾಖ ಕೊಡುವುದಿಲ್ಲ, ಅದೇನು ಒಲೆಯಲ್ಲ. ನಿಮ್ಮ ಮೈಯ ಶಾಖವನ್ನು ಹಿಡಿದಿಡುವುದು ಅದರೊಳಗೆ ಅಲುಗಾಡದೆ ನಿಂತ ಗಾಳಿ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಕೌದಿ ಹೊದ್ದು ಬೆಳೆದವರು ನಾವು. ಕೌದಿ ಹೊಲಿಯುವವರು ಬಂದಾಗ ನಮ್ಮವ್ವ ಹಳೆಯ ಸೀರೆ, ಧೋತರಗಳ ಗಂಟು ಬಿಚ್ಚಿ ಎದುರಿಗೇ ಕೂರುತ್ತಿದ್ದಳು. ದಾರ ಜಗ್ಗಿ ಹೊಲಿದರೆ ರೇಗುತ್ತಿದ್ದಳು. ಪದರು ಪದರಿನ ನಡುವೆ ಉಸಿರು ಉಳಿಯಬೇಕು ಎನ್ನುವುದು ಅವಳ ಮಾತು. ವರ್ಷಗಟ್ಟಲೆ ಮಲಗಿ ಚಪ್ಪಟೆಯಾದ ಕೌದಿ ಹೇಗೆ ತಣ್ಣಗಿರುತ್ತದೋ, ಮೈಗೆ ಬಿಗಿದ ಕೋಟೂ ಹಾಗೆಯೇ. ಸಾವಿರಾರು ರೂಪಾಯಿ ಕೊಟ್ಟು ಕೊಂಡ ಉಬ್ಬನ್ನು ನಿಮ್ಮ ಭುಜವೇ ಅದುಮಿ ಕೊಲ್ಲುತ್ತದೆ.

ಅದಕ್ಕೇ ನನ್ನ ಬಸ್ಕಿ. ಅಲ್ಲಿಯ ಅಂಗಡಿಯಲ್ಲಿ ಕೋಟು ತೊಟ್ಟು ಬಸ್ಕಿ ಹೊಡೆದೇ ಕೊಂಡೆ. ಮಗಳು ನಾಚಿ ದೂರ ಸರಿದು ನಿಂತಳು, ಅಂಗಡಿಯ ಹುಡುಗಿ ಬಾಯಿ ತೆರೆದು ನೋಡಿದಳು, ನಾನು ಬಿಡಲಿಲ್ಲ. ಅಂಗಡಿಗೆ ಹೋಗುವಾಗ ಚೀಲದಲ್ಲಿ ನಿಮ್ಮ ಬಳಿಯ ಅತಿ ದಪ್ಪನೆಯ ಸ್ವೆಟರ್ ಇರಲಿ. ತೆಳುವಾದ ಕುರ್ತಾದ ಮೇಲೆ ಕೋಟು ತೊಟ್ಟು ನೋಡುವುದು ಬರಿಗಾಲಲ್ಲಿ ಬೂಟಿನ ಅಳತೆ ನೋಡಿದ ಹಾಗೆ. ಸ್ವೆಟರಿನ ಮೇಲೆ ಕೋಟು ತೊಟ್ಟು ಜಿಪ್ ಅನ್ನು ಗದ್ದದವರೆಗೆ ಎಳೆಯಿರಿ. ಈಗ ಗಣಪತಿಯ ಮುಂದೆ ಮಾಡುವಂತೆ ಕೈ ಅಡ್ಡ ಹಾಕಿ ಎರಡೂ ಕಿವಿ ಹಿಡಿಯಿರಿ. ಅಲ್ಲಿಯೇ ನಿಲ್ಲಿ. ಜೊತೆಗೆ ಬಂದವರು ನಿಮ್ಮ ಬೆನ್ನಿನ ಮೇಲೆ, ಎರಡು ಹೆಗಲೆಲುಬುಗಳ ನಡುವೆ, ಅಂಗೈ ಇಡಬೇಕು, ಒತ್ತಬಾರದು. ಆಗ ತಾನೇ ಹಂಚಿನ ಮೇಲೆ ಉಬ್ಬಿದ ರೊಟ್ಟಿಯ ಮೇಲೆ ಕೈಯಿಟ್ಟಂತೆ ಮೆತ್ತಗೆ ಹತ್ತಬೇಕು. ಎಲುಬು ಕೈಗೆ ಸಿಕ್ಕಿತೋ, ಒಂದು ಸೈಜ್ ದೊಡ್ಡದು ತರಿಸಿ. ಕೈ ಇಳಿಸುವ ಮುನ್ನ ಮಣಿಕಟ್ಟು ನೋಡಿಕೊಳ್ಳಿ. ತೋಳು ಹಿಂದೆ ಸರಿದು ಬಳೆಗಳೆಲ್ಲ ಹೊರಗೆ ಕಂಡರೆ ಅಲ್ಲಿಂದಲೇ ಚಳಿ ಒಳಗೆ ನುಗ್ಗುತ್ತದೆ ಎಂದರ್ಥ. ತೋಳಿನ ಒಳಗೆ ಸ್ವೆಟರಿನ ತುದಿಯಂಥ ಹೆಣೆದ ಪಟ್ಟಿ ಇದ್ದರೆ ಒಳ್ಳೆಯದು.

ಇನ್ನು ಕಿವಿ ಬಿಡದೆ ಕುಳಿತೇಳಿ. ಮೂರು ಸಲ ಸಾಕು, ಇಪ್ಪತ್ತೊಂದು ಬೇಡ. ಕುಳಿತಾಗ ಕೆಳಗಿನ ಅಂಚು ತೊಡೆಗೆ ಹಿಡಿದು ಏಳಲು ಬಿಡದಿದ್ದರೆ ಅದು ಬಸ್ಸು ಹತ್ತಲೂ ಬಿಡುವುದಿಲ್ಲ. ಅದಕ್ಕಾಗಿ ಉದ್ದ ಕೋಟಿಗೆ ಕೆಳಗಿನಿಂದಲೂ ತೆರೆಯುವ ಜಿಪ್ ಇರಬೇಕು. ಸೀರೆ ಉಡುವವರಿಗಂತೂ ಅದಿಲ್ಲದೆ ಕಾರಿನಲ್ಲಿ ಕೂರಲಾಗದು. ಕೆಳಗೆ ಕುಳಿತ ಕ್ಷಣ ಕೊರಳಿನಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತೇ? ಕೋಟು ತೀರ ಸಡಿಲವಾಗಿ ಕಮ್ಮಾರನ ತಿದಿಯಂತೆ ಕೆಲಸ ಮಾಡುತ್ತಿದೆ. ನಡುವಿನಲ್ಲಿ ಒಂದು ಮುಷ್ಟಿ ಆಡುವಷ್ಟು ಜಾಗ ಸಾಕು, ಒಳಗಡೆ ಎಳೆದು ಕಟ್ಟುವ ದಾರವಿದ್ದರೆ ಇನ್ನೂ ಸರಿ.

ಒಳಗೆ ಏನು ತುಂಬಿದ್ದಾರೆ ಎಂಬುದು ಆಮೇಲಿನ ಮಾತು. ಅಲ್ಲಿಯವರು ಡೌನ್ ಎನ್ನುವುದು ಬಾತುಕೋಳಿಯ ಎದೆಯ ಮೆತ್ತನೆ ತುಪ್ಪಳಕ್ಕೆ. ಚೀಟಿಯಲ್ಲಿ 80, 20 ಎಂದಿದ್ದರೆ ನೂರರಲ್ಲಿ ಎಂಬತ್ತು ಪಾಲು ತುಪ್ಪಳ, ಇಪ್ಪತ್ತು ಪಾಲು ದಂಟಿರುವ ಗರಿ. 600, 700 ಎಂಬ ಸಂಖ್ಯೆಯನ್ನೂ ಬರೆದಿರುತ್ತಾರೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪಳ ಎಷ್ಟು ಘನ ಇಂಚಿಗೆ ಉಬ್ಬುತ್ತದೆ ಎಂಬ ಲೆಕ್ಕ ಅದು. 600 ದಾಟಿದರೆ ಒಳ್ಳೆಯ ಮಾಲು. ಆದರೆ ಹುಡುಗಿಯರು ಆ ಸಂಖ್ಯೆಯನ್ನೇ ಮಂತ್ರ ಮಾಡಿಕೊಳ್ಳುತ್ತಾರೆ. ಕೋಟಿನೊಳಗೆ ಎಷ್ಟು ತುಂಬಿದ್ದಾರೆ ಎಂದು ಅದು ಹೇಳುವುದಿಲ್ಲ. ಹಿಡಿ ತುಂಬ ಹಿಡಿದು ಹಿಚುಕಿ ಬಿಡಿ, ಮತ್ತೆ ಎದ್ದು ಬರುವ ಚುರುಕನ್ನು ನೋಡಿ. ಹೊಲಿಗೆಯಿಂದ ಗರಿ ಇಣುಕುತ್ತಿದ್ದರೆ ಈಗಲೇ ಬಿಟ್ಟುಬಿಡಿ.

ತುಪ್ಪಳಕ್ಕೆ ನೀರು ಆಗದು, ತೊಯ್ದರೆ ಗಂಟುಗಟ್ಟಿ ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ. ಮಿನಿಯಾಪೊಲಿಸ್‌ನ ಕಡುಚಳಿಯ ಹಿಮ ಒಣ ಹಿಟ್ಟಿನಂತೆ, ಕೊಡವಿದರೆ ಉದುರುತ್ತದೆ. ಟೊರೊಂಟೊದಲ್ಲಿ ಚಳಿಗಾಲದ ಎಷ್ಟೋ ಹಗಲು ಸೊನ್ನೆಯ ಆಸುಪಾಸಿನಲ್ಲಿಯೇ ಇರುತ್ತವೆ, ಹಿಮ ಕರಗಿ ರಾಡಿಯಾಗಿ ಸಿಡಿಯುತ್ತದೆ. ಅಂಥ ಕಡೆಗೆ ಮೇಲಿನ ಬಟ್ಟೆ ನೀರು ತಡೆಯುವಂಥದ್ದೇ ಇರಬೇಕು. ಹಕ್ಕಿಯ ಪುಕ್ಕ ಮೈಗೆ ಬೇಡ ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಅವರು ಕೃತಕ ನಾರು ತುಂಬಿದ್ದನ್ನು ಕೊಳ್ಳಲಿ. ಸ್ವಲ್ಪ ಭಾರ, ಆದರೆ ತೇವವಾದರೂ ಪೂರ್ತಿ ಕೈಬಿಡುವುದಿಲ್ಲ. ಉಣ್ಣೆಯೂ ಹಾಗೆಯೇ. ಅಪ್ಪನ ಮೇಡ್ಲೇರಿ ಕಂಬಳಿ ಮಳೆಯಲ್ಲಿ ನೆನೆದು ಮಣಭಾರವಾದರೂ ಒಳಗೆ ಬೆಚ್ಚಗಿರುತ್ತಿತ್ತು. ಉಣ್ಣೆಯ ಕೋಟಿಗೆ ಗಾಳಿಯೊಂದೇ ವೈರಿ. ಬಟ್ಟೆಗೆ ಬಾಯಿ ಹಚ್ಚಿ ಊದಿ; ಆಚೆ ಬದಿಯ ಅಂಗೈಗೆ ಉಸಿರು ತಾಗಿದರೆ ಬಿರುಗಾಳಿಗೆ ತಡೆಯೇ ಇಲ್ಲ.

ಟೊಪ್ಪಿಗೆ ಕೋಟಿಗೇ ಅಂಟಿಕೊಂಡಿರಲಿ, ಕೂಸಿನ ಕುಂಚಿಗೆಯಂತೆ ಹಣೆ, ಕಿವಿ, ಕತ್ತು ಮೂರನ್ನೂ ಮುಚ್ಚಲಿ. ತಲೆ ತಿರುಗಿಸಿದರೆ ಜೊತೆಗೆ ತಿರುಗಬೇಕು, ಇಲ್ಲದಿದ್ದರೆ ರಸ್ತೆ ದಾಟುವಾಗ ಕಾಣುವುದು ಬರೀ ಅಸ್ತರ. ಜಡೆ ಕೋಟಿನ ಒಳಗಿರಲಿ, ಜಿಪ್ಪಿಗೆ ಸಿಕ್ಕಿದ ಜಡೆಯನ್ನು ಕೈಗವಸು ತೊಟ್ಟು ಬಿಡಿಸಿದವಳ ಮಾತು ಇದು. ಬಣ್ಣ ನಿಮ್ಮಿಷ್ಟ.

ಬೇಸಿಗೆಯಲ್ಲಿ ಕೋಟನ್ನು ಹಿಂಡಿ ಪೆಟ್ಟಿಗೆಗೆ ತುರುಕಬೇಡಿ, ಸಡಿಲವಾಗಿ ತೂಗುಹಾಕಿ. ಹುಳ ಬಾರದಂತೆ ಡಾಂಬರು ಗುಳಿಗೆ ಇಡುವವರಿಗೆ ಒಂದು ಮಾತು: ಟೊರೊಂಟೊಗೆ ಹೊರಟ ಇದೇ ಹುಡುಗಿ ಕಳೆದ ವರ್ಷ ಅವನ್ನು ಜರಿ ಸೀರೆಯ ಮಡಿಕೆಯೊಳಗೇ ಇಟ್ಟಿದ್ದಳು. ಜರಿ ಕಪ್ಪಾಯಿತು. ಅರಿವೆಯಲ್ಲಿ ಗಂಟು ಕಟ್ಟಿ ಮೂಲೆಗೆ ಇಡಲು ಎಷ್ಟು ಹೊತ್ತು ಬೇಕು?

ಅವಳನ್ನು ಅಂದೇ ನಮ್ಮ ಪಡಸಾಲೆಯಲ್ಲಿ ಬಸ್ಕಿ ಹೊಡೆಸಿದೆ. ಮೊದಲ ಬಸ್ಕಿಗೇ ಬೆನ್ನ ಹೊಲಿಗೆ ಟರ್ರ್ ಎಂದಿತು. ಚಳಿಗಾಲದಲ್ಲಿ ಸ್ವೆಟರ್ ಮಾರುವ ಟಿಬೆಟನ್ನರ ಬಳಿ ಎರಡು ದಪ್ಪ ಸ್ವೆಟರ್ ಕೊಡಿಸಿದ್ದೇನೆ; ವಿಮಾನ ನಿಲ್ದಾಣದಿಂದ ಕೋಣೆಯವರೆಗೆ ಹೊಲಿಗೆ ಹಾಕಿದ ಈ ಕೋಟಿನೊಳಗೆ ಹೇಗೋ ನಡೆದೀತು. ನಿಜವಾದ ಕೋಟು ಅಲ್ಲಿಯೇ ಕೊಳ್ಳಬೇಕು, ಬೆನ್ನ ಮೇಲೆ ಕೈಯಿಡಲು ಕೋಣೆಯ ಗೆಳತಿಯನ್ನು ಕರೆದೊಯ್ಯಬೇಕು, ದುಡ್ಡು ಕೊಡುವ ಮುನ್ನ ನನಗೆ ವಿಡಿಯೊ ಕರೆ ಮಾಡಬೇಕು. ಅಲ್ಲಿ ಮಧ್ಯಾಹ್ನವಾದಾಗ ನಮಗೆ ನಡುರಾತ್ರಿ. ಇರಲಿ, ಎದ್ದು ಕುಳಿತಿರುತ್ತೇನೆ.