ರಾಗಿ ಮಾಲ್ಟ್ ಮಾಡಿ ಮಾರುವ ತಾಯಂದಿರಿಗೆ
ತುಮಕೂರಿನಲ್ಲಿ ಮನೆಯಿಂದಲೇ ರಾಗಿ ಮಾಲ್ಟ್ ಮಾರುವ ಸೋದರಿಯರು ಗುರುವಾರ ರಾತ್ರಿ ರಾಗಿ ನೆನೆಹಾಕಿ, ಶುಕ್ರವಾರ ಬೆಳಿಗ್ಗೆ ನೀರು ಬಸಿದು ತೆಳು ಹತ್ತಿಬಟ್ಟೆಯಲ್ಲಿ ಕಟ್ಟಿ, ಭಾನುವಾರ ಹರಡಿ ಒಣಗಿಸಿ, ಹುರಿಯುವುದನ್ನೂ ಗಿರಣಿಗೆ ಒಯ್ಯುವುದನ್ನೂ ಸೋಮವಾರ ಮಕ್ಕಳು ಶಾಲೆಗೆ ಹೋದ ಮೇಲೆ ಇಟ್ಟುಕೊಳ್ಳಿ. ಬಟ್ಟೆಗೆ ಆಗಾಗ ನೀರು ಚಿಮುಕಿಸುವುದೊಂದನ್ನು ಬಿಟ್ಟರೆ ನೆನೆಯುವುದಕ್ಕೂ ಮೊಳಕೆ ಒಡೆಯುವುದಕ್ಕೂ ನಮ್ಮ ಕೈ ಬೇಕಿಲ್ಲ. ಆದರೆ ಹುರಿಯುವಾಗ ಮಗು ಅತ್ತಿತೆಂದು ಎರಡು ನಿಮಿಷ ಒಲೆ ಬಿಟ್ಟು ಹೋದರೂ ಕಾಳು ಸೀದು ಇಡೀ ಹಿಟ್ಟು ಕಹಿಯಾಗುತ್ತದೆ. ಡಿಸೆಂಬರ್ ಚಳಿಯಲ್ಲಿ ಮೊಳಕೆಗೆ ಇನ್ನೊಂದು ದಿನ ಬೇಕಾಗಬಹುದು. ಮಳೆಗಾಲದಲ್ಲಂತೂ ಈ ಕ್ರಮ ನಡೆಯದು: ತೇವ ಉಳಿದ ಕಾಳಿನ ಹಿಟ್ಟಿಗೆ ಬೇಗನೆ ಮುಗ್ಗಲು ವಾಸನೆ ಹಿಡಿಯುತ್ತದೆ, ಅದನ್ನು ಕುಡಿಯುವುದು ಪುಟ್ಟ ಕೂಸುಗಳು, ಆದ್ದರಿಂದ ಮೋಡ ಕವಿದ ವಾರ ಆರ್ಡರ್ ಒಪ್ಪಿಕೊಳ್ಳಲೇಬೇಡಿ.